ಆಫೀಸಿನ ಸರ್ಚ್‌ನಲ್ಲಿ ಬೇಕಾದ್ದು ಸಿಗ್ತಿಲ್ಲ, ಎಲ್ಲಿಂದ ಶುರು ಮಾಡಲಿ? ಅನುಭವ ಹಂಚಿಕೊಳ್ಳಿ

ಕೇಳಿದವರು: ನಮ್ಮದು ಮಧ್ಯಮ ಗಾತ್ರದ ಕಂಪನಿ. ನಿಯಮಾವಳಿ, ಯಂತ್ರಗಳ ಕೈಪಿಡಿ, ಬಿಡಿಭಾಗಗಳ ಪಟ್ಟಿ, ಹಳೆಯ ದೂರುಗಳು ಎಲ್ಲಾ ಸೇರಿ ಸುಮಾರು ಎರಡು ಲಕ್ಷ ಫೈಲುಗಳಿವೆ. ಎಲಾಸ್ಟಿಕ್‌ಸರ್ಚ್ ಅನ್ನೋ ಸರ್ಚ್ ಎಂಜಿನ್ ಹಾಕಿ ಒಂದು ವರ್ಷ ಆಯ್ತು. "ಹುಡುಕಿದ್ದು ಸಿಗಲ್ಲ" ಅನ್ನೋ ದೂರು ಮಾತ್ರ ನಿಂತಿಲ್ಲ. ಈಗ ಮ್ಯಾನೇಜರ್ ವೆಕ್ಟರ್ ಸರ್ಚ್ (ಪದದ ಬದಲು ಅರ್ಥ ಹೋಲಿಸಿ ಹುಡುಕೋದು) ಹಾಕಿ ಅಂತಿದ್ದಾರೆ. ಹಾಕಿದರೆ ಸರಿ ಹೋಗುತ್ತಾ? ಸರಿ ಹೋಯ್ತು ಅಂತ ತಿಳಿಯೋದು ಹೇಗೆ? ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ.

ಉತ್ತರ 1: ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹುಡುಕಿಕೊಳ್ಳಿ. ಅಳೆಯೋಕೆ ಏನೂ ಇಲ್ಲದೆ ಎಂಜಿನ್ ಬದಲಾಯಿಸಿದರೆ ಮುಂದಿನ ವರ್ಷವೂ ಇದೇ ದೂರು ಕೇಳುತ್ತಾ ಕೂರಬೇಕಾಗುತ್ತದೆ.

ನಾನು ಮೊದಲು ಮಾಡಿದ್ದು ಮೂರು ತಿಂಗಳ ಸರ್ಚ್ ಲಾಗ್ (ಯಾರು ಏನು ಹುಡುಕಿದರು ಅನ್ನೋ ದಾಖಲೆ) ಇಳಿಸಿಕೊಂಡು ಸಾಲು ಸಾಲಾಗಿ ಓದಿದ್ದು. ಒಬ್ಬರು "ರಜೆ ಅರ್ಜಿ" ಅಂತ ಹುಡುಕಿದ್ದರು. ಅರ್ಧ ನಿಮಿಷಕ್ಕೆ "ರಜೆ ಫಾರಂ". ಆಮೇಲೆ "ರಜೆ ನಮೂನೆ". ಆಮೇಲೆ ಏನೂ ಇಲ್ಲ, ಬಿಟ್ಟು ಹೋಗಿದ್ದಾರೆ. ನಾನೇ ಹುಡುಕಿ ನೋಡಿದೆ. ಮೊದಲು ಬಂದದ್ದು ಒಂದು ಹಳೇ ಸುತ್ತೋಲೆ, ಅದರಲ್ಲಿ ರಜೆ ಅನ್ನೋ ಪದ ಸಾಲಿಗೊಂದು ಸಲ ಇದೆ. ಎರಡು, ಮೂರು, ನಾಲ್ಕನೆಯದೂ ಅದೇ ಸುತ್ತೋಲೆ, ಬೇರೆ ಬೇರೆ ಫೋಲ್ಡರಿನಲ್ಲಿ ಇಟ್ಟಿದ್ದ ಪ್ರತಿಗಳು. ನಿಜವಾದ ಫಾರಂ ಪಟ್ಟಿಯಲ್ಲೇ ಇಲ್ಲ. ಅದು ಸ್ಕ್ಯಾನ್ ಮಾಡಿದ ಪಿಡಿಎಫ್. ಒಳಗಿರೋದು ಬರೀ ಚಿತ್ರ, ಇಂಡೆಕ್ಸ್‌ಗೆ (ಎಂಜಿನ್ ಹುಡುಕೋ ಪದಗಳ ಪಟ್ಟಿಗೆ) ಒಂದಕ್ಷರವೂ ಹೋಗಿಲ್ಲ. ಫೈಲಿನ ಹೆಸರು "ಸ್ಕ್ಯಾನ್ 0043". ಇಂಡೆಕ್ಸ್‌ನಲ್ಲೇ ಇಲ್ಲದ್ದನ್ನು ಯಾವ ಎಂಜಿನ್ ತಾನೇ ಹುಡುಕಿ ಕೊಡುತ್ತೆ? ಒಸಿಆರ್ ಮಾಡಿಸಿ (ಚಿತ್ರದಲ್ಲಿರೋ ಅಕ್ಷರಗಳನ್ನು ಪಠ್ಯವಾಗಿ ತೆಗೆಯೋದು), ಶೀರ್ಷಿಕೆ ಸರಿಪಡಿಸಿ, ಒಂದೇ ಸುತ್ತೋಲೆಯ ಪ್ರತಿಗಳನ್ನು ಒಂದು ಮಾಡಿದೆವು. ನಮ್ಮಲ್ಲಿ ಅರ್ಧಕ್ಕರ್ಧ ದೂರು ಇಂಥವೇ ಆಗಿದ್ದವು.

ಆಮೇಲೆ ಪರೀಕ್ಷಾ ಪಟ್ಟಿ. ಲಾಗ್‌ನಿಂದಲೇ ನೂರು ಹುಡುಕಾಟ ಆರಿಸಿ. ಅರ್ಧ ದಿನಾ ಬರೋವು, ಇನ್ನರ್ಧ ಒಂದೋ ಎರಡೋ ಸಲ ಬಂದವು, ಕಣ್ಣು ಮುಚ್ಚಿ ಎತ್ತಿಕೊಂಡ ಹಾಗೆ. ನೀವೇ ಯೋಚಿಸಿ ಬರೆದ ಹುಡುಕಾಟ ಮಾತ್ರ ಹಾಕಬೇಡಿ. ದಾಖಲೆ ಬರೆದವರ ಪದಗಳೇ ನಮ್ಮ ಬಾಯಿಗೆ ಬರುತ್ತವೆ, ಹುಡುಕುವವರ ಪದ ಬೇರೆ ಇರುತ್ತದೆ.

ಈ ದಾರಿ ಹಳೆಯದು. 1960ರ ದಶಕದಲ್ಲಿ ಇಂಗ್ಲೆಂಡಿನ ಕ್ರ್ಯಾನ್‌ಫೀಲ್ಡ್‌ನಲ್ಲಿ ಸಿರಿಲ್ ಕ್ಲೆವರ್‌ಡನ್ ಅವರ ತಂಡ ಸುಮಾರು 1,400 ಲೇಖನ, 225 ಪ್ರಶ್ನೆ ಇಟ್ಟುಕೊಂಡು ಹೀಗೇ ಪರೀಕ್ಷೆ ಮಾಡಿತ್ತು. 1992ರಲ್ಲಿ ಅಮೆರಿಕದಲ್ಲಿ ಶುರುವಾದ ಟ್ರೆಕ್ ಅನ್ನೋ ಸರ್ಚ್ ಪರೀಕ್ಷೆಗಳ ಸಮ್ಮೇಳನ ಇದನ್ನೇ ಲಕ್ಷಗಟ್ಟಲೆ ದಾಖಲೆಗಳ ಮೇಲೆ ಮಾಡಿತು. ಅಷ್ಟನ್ನೂ ಯಾರೂ ಓದಿ ಮುಗಿಸೋಕಾಗಲ್ಲ. ಅದಕ್ಕೆ ಪ್ರತಿ ಎಂಜಿನ್ ಮೇಲೆ ತಂದಿಟ್ಟ ಫಲಿತಾಂಶಗಳನ್ನು ಒಟ್ಟುಗೂಡಿಸಿ, ಹುಡುಕಾಟಕ್ಕೆ ಎಷ್ಟು ಸರಿ ಹೊಂದುತ್ತವೆ ಅಂತ ಅವಕ್ಕೆ ಮಾತ್ರ ಅಂಕ ಹಾಕಿಸುತ್ತಿದ್ದರು. ನೀವೂ ಹಾಗೇ ಮಾಡಿ. ಈಗಿನ ಎಂಜಿನ್‌ನ ಮೊದಲ ಹತ್ತು, ಹೊಸದರ ಮೊದಲ ಹತ್ತು, ಸೇರಿಸಿ ಕಲೆಸಿಬಿಡಿ. ಯಾವುದು ಎಲ್ಲಿಂದ ಬಂತು ಅಂತ ಅಂಕ ಹಾಕುವವರಿಗೆ ಕಾಣಬಾರದು. ಮುಂದೆ ಮೂರನೇ ಎಂಜಿನ್ ಪರೀಕ್ಷಿಸುವಾಗ ಅದು ತಂದ ಹೊಸ ದಾಖಲೆಗಳಿಗೂ ಅಂಕ ಹಾಕಿಸಿ. ಇಲ್ಲದಿದ್ದರೆ ಒಳ್ಳೆಯ ಉತ್ತರಕ್ಕೂ ಸೊನ್ನೆ ಬಿದ್ದು ಅದಕ್ಕೆ ಅನ್ಯಾಯ ಆಗುತ್ತದೆ.

ಅಂಕ ಹಾಕೋಕೆ ಇಬ್ಬರು ಬೇಕು, ಆ ಕೆಲಸ ಗೊತ್ತಿರುವವರೇ ಬೇಕು. ನಮ್ಮಲ್ಲಿ "ಪ್ರಯಾಣ ಭತ್ಯೆ" ಹುಡುಕಾಟಕ್ಕೆ ಒಬ್ಬರು ನಿಯಮದ ಪುಟಕ್ಕೆ 3 ಕೊಟ್ಟರು, ಇನ್ನೊಬ್ಬರು 1 ಕೊಟ್ಟರು. ಕೂತು ಮಾತಾಡಿದಾಗ ಗೊತ್ತಾಯ್ತು, ಒಬ್ಬರಿಗೆ ಎಷ್ಟು ಸಿಗುತ್ತೆ ಅಂತ ತಿಳಿಯಬೇಕಿತ್ತು, ಇನ್ನೊಬ್ಬರಿಗೆ ಬಿಲ್ ಹಾಕಬೇಕಿತ್ತು. ಒಂದೇ ಪದ, ಎರಡು ಕೆಲಸ. ಅವತ್ತಿನಿಂದ ಪ್ರತಿ ಹುಡುಕಾಟದ ಪಕ್ಕ "ಇವರಿಗೆ ಏನು ಬೇಕಿತ್ತು" ಅಂತ ಒಂದು ಸಾಲು ಬರೆದಿಟ್ಟೆವು. ಆ ಒಂದು ಸಾಲಿನಿಂದ ಜಗಳ ಎಷ್ಟೋ ಕಡಿಮೆ ಆಯ್ತು.

ಲೆಕ್ಕ ಸರಳ. ಒಂದೇ ಸರಿಯುತ್ತರ ಇರುವ ಹುಡುಕಾಟಕ್ಕೆ ಎಂಆರ್‌ಆರ್ ಅನ್ನೋ ಅಳತೆ ಸಾಕು. ಉತ್ತರ ಮೊದಲ ಜಾಗದಲ್ಲಿದ್ದರೆ 1, ಎರಡನೆಯದಾದರೆ ಅರ್ಧ, ಮೂರನೆಯದಾದರೆ ಮೂರರಲ್ಲೊಂದು, ಎಲ್ಲದರ ಸರಾಸರಿ. ಹಲವು ಉತ್ತರ ಇದ್ದು, ಕೆಲವು ಹೆಚ್ಚು ಕೆಲವು ಕಡಿಮೆ ಉಪಯೋಗದ್ದಾದರೆ ಎನ್‌ಡಿಸಿಜಿ, ಅದು ಹೆಚ್ಚು ಉಪಯೋಗದ್ದು ಮೇಲಿದ್ದಷ್ಟೂ ಹೆಚ್ಚು ಅಂಕ ಕೊಡೋ ಅಳತೆ. ಸರಾಸರಿ ಏರಿತು ಅಂತ ಅಲ್ಲಿಗೇ ನಿಲ್ಲಬೇಡಿ. ಯಾವ ಹುಡುಕಾಟ ಮೊದಲಿಗಿಂತ ಕೆಟ್ಟಿತು ಅಂತ ಒಂದೊಂದಾಗಿ ತೆಗೆದು ನೋಡಿ.

ಉತ್ತರ 2: ವೆಕ್ಟರ್ ಬಗ್ಗೆ ನಾನು ಹೇಳುತ್ತೇನೆ. ನಿಜವಾಗಿ ಉಪಯೋಗ ಇದೆ. "ಪಂಪ್ ಬಿಸಿಯಾಗುತ್ತೆ" ಅಂತ ಬರೆದರೆ "ಮೋಟಾರಿನ ಅತಿ ತಾಪಮಾನ" ಅನ್ನೋ ಅಧ್ಯಾಯ ಬಂತು. ಪದದಿಂದ ಹುಡುಕಿದಾಗ ಅದು ಬಂದೇ ಇರಲಿಲ್ಲ. ಆದರೆ ಬಿಡಿಭಾಗದ ನಂಬರ್ 4410 ಅಂತ ಕೊಟ್ಟರೆ 4401 ಮೇಲೆ ಬಂತು. ವೆಕ್ಟರಿಗೆ ಎರಡೂ ಹತ್ತಿರ ಹತ್ತಿರ. ಉಗ್ರಾಣದಲ್ಲಿರುವವರಿಗೆ ಅದು ಬೇರೆಯೇ ವಸ್ತು, ಅಲ್ವಾ?

ಹಾಗಾಗಿ ನಾವು ಎರಡನ್ನೂ ಇಟ್ಟುಕೊಂಡೆವು. ಪದದ ಹುಡುಕಾಟ ಬಿಎಂ25 ಅನ್ನೋ ಪದಗಳನ್ನು ಎಣಿಸಿ ಅಂಕ ಕೊಡುವ ಸೂತ್ರದಿಂದ, ಅರ್ಥದ ಹುಡುಕಾಟ ವೆಕ್ಟರಿನಿಂದ. ಎರಡೂ ಪಟ್ಟಿಯಲ್ಲಿ ದಾಖಲೆ ಎಷ್ಟನೇ ಜಾಗದಲ್ಲಿದೆ ನೋಡಿ, ಅದಕ್ಕೆ 60 ಸೇರಿಸಿ, ಒಂದನ್ನು ಅದರಿಂದ ಭಾಗಿಸಿ, ಬಂದದ್ದನ್ನು ಕೂಡೋದು. 2009ರಲ್ಲಿ ಪ್ರಕಟವಾದ ವಿಧಾನ ಇದು, ಆರ್‌ಆರ್‌ಎಫ್ ಅಂತಾರೆ. ಎರಡು ಎಂಜಿನ್‌ಗಳ ಅಂಕಗಳನ್ನು ಹೊಂದಿಸೋ ತಲೆನೋವು ಇಲ್ಲ. ಪೂರ್ತಿ ನಂಬರ್ ಹುಡುಕಾಟ ಬಂದರೆ ವೆಕ್ಟರ್ ಕಡೆಗೆ ಕಳಿಸೋದೇ ಇಲ್ಲ.

ಇನ್ನೊಂದು ವಿಷಯ. ವೆಕ್ಟರ್ ಸರ್ಚ್‌ನಲ್ಲಿ "ಏನೂ ಸಿಗಲಿಲ್ಲ" ಅಂತ ಬರೋದೇ ಅಪರೂಪ, ಏನಾದರೂ ತಂದು ಕೊಡುತ್ತದೆ. ಸೊನ್ನೆ ಫಲಿತಾಂಶ ಕಮ್ಮಿ ಆಯ್ತು ಅಂತ ವರದಿ ಕೊಡೋ ಮುಂಚೆ ಏನು ತಂದಿದೆ ಅಂತ ನೋಡಿ.

ಉತ್ತರ 3: ಅನುಮತಿ ವಿಷಯ ಯಾರೂ ಹೇಳಿಲ್ಲ. ಫೈಲ್ ತೆರೆಯೋಕೆ ಆಗದಿದ್ದರೂ ಅದರ ಶೀರ್ಷಿಕೆ ಪಟ್ಟಿಯಲ್ಲಿ ಕಂಡರೆ ಗುಟ್ಟು ಹೊರಗೆ ಹೋದ ಹಾಗೆ. ಯಾರು ಏನು ನೋಡಬಹುದು ಅನ್ನೋದನ್ನು ಇಂಡೆಕ್ಸ್‌ನಲ್ಲೇ ಇಟ್ಟು, ಹುಡುಕುವಾಗಲೇ ಸೋಸಿ. ಹತ್ತು ತಂದು ಆಮೇಲೆ ಎಂಟು ತೆಗೆದರೆ ಬಳಸುವವರಿಗೆ ಉಳಿಯೋದು ಎರಡೇ. ನಮ್ಮ ತಪ್ಪು ಇನ್ನೂ ದೊಡ್ಡದು. ಪರೀಕ್ಷೆಯನ್ನೆಲ್ಲ ಅಡ್ಮಿನ್ ಲಾಗಿನ್‌ನಲ್ಲೇ ಮಾಡಿದ್ದೆವು. ಅಂಕ ಚೆನ್ನಾಗಿ ಬಂದಿತ್ತು. ಸಾಮಾನ್ಯ ಲಾಗಿನ್‌ನಲ್ಲಿ ನೋಡಿದರೆ ಆ ಉತ್ತರಗಳು ಅವರಿಗೆ ಕಾಣುತ್ತಲೇ ಇರಲಿಲ್ಲ. ಬೇರೆ ಬೇರೆ ವಿಭಾಗದ ಲಾಗಿನ್‌ನಿಂದ ಪರೀಕ್ಷಿಸಿ.

ದಾಖಲೆಗಳು ಕನ್ನಡದಲ್ಲೂ ಇದ್ದರೆ ಇನ್ನೊಂದು ಕಾಟ ಇದೆ. "ಸಾಫ್ಟ್‌ವೇರ್" ಅಂತ ಬರೆಯುವಾಗ ಮಧ್ಯೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರ ಇರುತ್ತದೆ. ಕೆಲವರು ಅದನ್ನು ಹಾಕದೆ "ಸಾಫ್ಟ್ವೇರ್" ಅಂತ ಟೈಪ್ ಮಾಡುತ್ತಾರೆ. ನಾವು ಓದುವಾಗ ಎರಡೂ ಒಂದೇ, ಎಂಜಿನ್‌ಗೆ ಎರಡು ಪದ. ಇಂಡೆಕ್ಸ್ ಮಾಡುವಾಗಲೂ ಹುಡುಕುವಾಗಲೂ ಅದನ್ನು ತೆಗೆದುಬಿಡಿ. ಯಂತ್ರ, ಯಂತ್ರದ, ಯಂತ್ರಗಳಿಗೆ, ಇವನ್ನೂ ಒಂದೇ ಬೇರಿಗೆ ತರಬೇಕು.

ಉತ್ತರ 4: ಕ್ಲಿಕ್ ಎಣಿಸಿ ನಿರ್ಧಾರ ಮಾಡೋರಿಗೆ ಒಂದು ಮಾತು. ಮೇಲಿರೋದನ್ನು ಜನ ಸುಮ್ನೆ ಒತ್ತುತ್ತಾರೆ, ಅದು ಮೇಲಿದೆ ಅನ್ನೋ ಕಾರಣಕ್ಕೆ. ಒತ್ತಿ ಎರಡೇ ಸೆಕೆಂಡಿಗೆ ವಾಪಸ್ ಬಂದರೆ ಅದು ಸಿಕ್ಕ ಹಾಗಲ್ಲ. ಒಳಗಿನ ಸರ್ಚ್‌ನಲ್ಲಿ ಜನ ಕಡಿಮೆ, ಅರ್ಧ ಜನಕ್ಕೆ ಒಂದು ಎಂಜಿನ್, ಇನ್ನರ್ಧಕ್ಕೆ ಇನ್ನೊಂದು ಕೊಟ್ಟು ಹೋಲಿಸೋ ಎ/ಬಿ ಪರೀಕ್ಷೆಗೆ ತಿಂಗಳುಗಟ್ಟಲೆ ಬೇಕು. ನಾವು ಎರಡೂ ಎಂಜಿನ್‌ನ ಫಲಿತಾಂಶಗಳನ್ನು ಒಂದೇ ಪಟ್ಟಿಯಲ್ಲಿ ಹೆಣೆದು ತೋರಿಸಿ, ಯಾವುದರದ್ದು ಜಾಸ್ತಿ ಒತ್ತಿದರು ಅಂತ ನೋಡಿದೆವು. ಅದಕ್ಕೆ ಕಡಿಮೆ ಹುಡುಕಾಟ ಸಾಕಾಯ್ತು.

ಕೇಳಿದವರು: ಎಲ್ಲರಿಗೂ ತುಂಬಾ ಧನ್ಯವಾದ. ಎರಡು ದಿನ ಲಾಗ್ ಓದಿದೆ. ನಮ್ಮಲ್ಲಿ ಏನೂ ಸಿಗದ ಹುಡುಕಾಟಗಳು ಬಹುಪಾಲು ಬಿಡಿಭಾಗದ ನಂಬರ್‌ಗಳು. ಕೈಪಿಡಿಯಲ್ಲಿ ಮಧ್ಯೆ ಅಡ್ಡಗೆರೆ ಇದೆ, ಜನ ಅಡ್ಡಗೆರೆ ಇಲ್ಲದೆ ಟೈಪ್ ಮಾಡುತ್ತಾರೆ. ಉಗ್ರಾಣಕ್ಕೆ ಹೋಗಿ ಕೇಳಿದೆ. ಅಲ್ಲಿ ಒಬ್ಬರು ದಿನಾ ಬೇಕಾಗುವ ನಂಬರ್‌ಗಳನ್ನು, ಅವು ಯಾವ ಪುಟದಲ್ಲಿವೆ ಅನ್ನೋದನ್ನು ಕಾಗದದಲ್ಲಿ ಬರೆದು ಮಾನಿಟರ್ ಕೆಳಗೆ ಅಂಟಿಸಿಕೊಂಡಿದ್ದಾರೆ. ನಾನು ಸರ್ಚ್ ನೋಡಿಕೊಳ್ಳುವವನು ಅಂತ ಅವರಿಗೆ ಗೊತ್ತೇ ಇರಲಿಲ್ಲ. ಆ ಕಾಗದದಲ್ಲಿರುವ ನಂಬರ್‌ಗಳನ್ನೆಲ್ಲ ಪರೀಕ್ಷಾ ಪಟ್ಟಿಗೆ ಸೇರಿಸಿದ್ದೇನೆ. ಅಂಕ ಹಾಕೋಕೆ ಅವರನ್ನೇ ಕರೆದಿದ್ದೇನೆ, ಸೋಮವಾರ ಬರುತ್ತಾರೆ.