ಸ್ಕೈ ಆರ್ಟ್ಸ್ ಪೇಂಟಿಂಗ್ ಸ್ಪರ್ಧೆಗೆ ಅಪ್ಲೈ ಮಾಡೋಣ ಅಂತಿದೀನಿ, ನಾಲ್ಕು ಗಂಟೇಲಿ ಮುಖ ಮುಗಿಯತ್ತಾ?

ಕುಂಚ_ಮೈಸೂರು:
ಎಲ್ರಿಗೂ ನಮಸ್ಕಾರ. ನಾನು ಮೈಸೂರಿನ ಕಾವಾ ಆರ್ಟ್ ಕಾಲೇಜಲ್ಲಿ ಓದಿದೋಳು, ಮದ್ವೆ ಆಗಿ ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಆರು ವರ್ಷ ಆಯ್ತು. ಇಲ್ಲಿ ಟಿವೀಲಿ, ಸ್ಕೈ ಆರ್ಟ್ಸ್ ಚಾನೆಲಲ್ಲಿ, ಪೋರ್ಟ್ರೇಟ್ ಆರ್ಟಿಸ್ಟ್ ಆಫ್ ದಿ ಇಯರ್ ಅಂತ ಮುಖದ ಚಿತ್ರ ಮಾಡೋ ಸ್ಪರ್ಧೆ ಬರತ್ತಲ್ಲ, ನಾವಿಬ್ರೂ ಒಂದು ಎಪಿಸೋಡೂ ಬಿಡಲ್ಲ. ಈ ಸಲ ಅಪ್ಲೈ ಮಾಡು ಅಂತ ನಮ್ಮನೆಯೋರು ಹಿಂದೆ ಬಿದ್ದಿದಾರೆ. ಮೊದ್ಲು ನಮ್ಮದೇ ಮುಖದ ಚಿತ್ರ ಕಳಿಸ್ಬೇಕು, ಅದನ್ನ ಹೇಗೋ ಮಾಡ್ತೀನಿ, ಆಮೇಲೆ ಅಲ್ಲಿ ಹೋಗಿ ನಾಲ್ಕು ಗಂಟೇಲಿ ಒಂದು ಮುಖ ಮುಗಿಸ್ಬೇಕು, ಭಯ ಇರೋದು ಆ ನಾಲ್ಕು ಗಂಟೆದು. ನಾನು ಮಾಡೋದು ಆಯಿಲ್‌ನಲ್ಲಿ, ಒಂದು ಮುಖಕ್ಕೆ ಮೂರು ವಾರ ಬೇಕು, ಒಂದು ಪದರ ಒಣಗದೆ ಇನ್ನೊಂದು ಹಾಕೋ ಅಭ್ಯಾಸಾನೇ ಇಲ್ಲ. ಎದುರಿಗೆ ಯಾರೋ ದೊಡ್ಡ ನಟ ಕೂತಿರ್ತಾರೆ, ಹಿಂದೆ ಜನ, ಪಕ್ಕದಲ್ಲಿ ಕ್ಯಾಮೆರಾ... ಇಲ್ಲಿ ಯಾರಾದ್ರೂ ಇದ್ರಲ್ಲಿ ಅಥ್ವಾ ಅವ್ರದ್ದೇ ಲ್ಯಾಂಡ್‌ಸ್ಕೇಪ್ (ಬಯಲಲ್ಲಿ ಕೂತು ಪ್ರಕೃತಿ ಚಿತ್ರ ಮಾಡೋ) ಸ್ಪರ್ಧೇಲಿ ಭಾಗವಹಿಸಿದೀರಾ? ನಿಜವಾಗ್ಲೂ ಹೇಗಿರತ್ತೆ?

ಗದಗಿನ_ಬಣ್ಣ:
ಅಕ್ಕಾರ, ನಾ ಲ್ಯಾಂಡ್‌ಸ್ಕೇಪ್ ಆರ್ಟಿಸ್ಟ್ ಆಫ್ ದಿ ಇಯರ್‌ದಾಗ ವೈಲ್ಡ್‌ಕಾರ್ಡ್, ಅಂದ್ರ ಮುಖ್ಯ ಸ್ಪರ್ಧಿಗೋಳ ಜೋಡಿ ಹೊರಗ ಕುಂಡ್ರೂ ಹೆಚ್ಚಿನ ಸ್ಪರ್ಧಿ, ಆಗಿ ಕುಂತಾಂವ, ಅದಕ್ಕ ಹೇಳ್ತೀನಿ ಕೇಳ್ರಿ. ಪಾಡ್ ಅನ್ನೂ ಸಣ್ಣ ಗೂಡಿನ್ಯಾಗ ನಿಂತ ಮುಖ್ಯ ಸ್ಪರ್ಧಿಗೋಳಿಗೆ ತಲಿ ಮ್ಯಾಲ ಸೂರು ಇರ್ತೈತಿ. ನಾವು ಐವತ್ತು ಮಂದಿ ಬಯಲಾಗ, ಈಸೆಲ್, ಬಣ್ಣ, ಕುರ್ಚಿ, ಛತ್ರಿ ಎಲ್ಲಾ ನಾವ ಹೊತ್ಕೊಂಡು ಹೋಗ್ಬೇಕು. ಐವತ್ತರಾಗ ಒಬ್ರನ್ನ ಆರಿಸ್ತಾರ, ಹಂಗ ಮೊದಲ ಸುತ್ತಿನ ಎಲ್ಲಾ ಹೀಟ್‌ನ್ಯಾಗ ಆರಿಸಿದವ್ರೊಳಗ ಕಡೀಕ ಒಬ್ರಿಗೆ ಸೆಮಿಫೈನಲ್. ನನ್ನ ಆರಿಸಲಿಲ್ಲ.

ನಾ ಸಣ್ಣಾಂವಿದ್ದಾಗಿಂದ ಬದಾಮಿ, ಐಹೊಳಿ ಕಡೆ ಜಲವರ್ಣ ಮಾಡ್ಕೋತ ಬೆಳದಾಂವ. ಏಪ್ರಿಲ್‌ದಾಗ ಬದಾಮಿಯ ಅಗಸ್ತ್ಯತೀರ್ಥ ಕೆರಿ ದಂಡಿಗೆ ಕುಂತು ವಾಶ್, ಅಂದ್ರ ನೀರು ಬೆರೆಸಿದ ತೆಳು ಬಣ್ಣ, ಹೊಡದ್ರ ಮೂರು ನಿಮಿಷದಾಗ ಒಣಗಿಬಿಡ್ತೈತಿ, ಕೈ ಓಡಿಸ್ಬೇಕು, ಇಲ್ಲಂದ್ರ ನಡುವ ಗೆರಿ ಕೂಡ್ತೈತಿ. ಅದ ರೂಢಿ ಇಟ್ಕೊಂಡು ಇಲ್ಲಿ ಕುಂತೆ. ಆ ದಿನ ಮುಂಜಾನೆಯಿಂದ ಜಿಟಿಜಿಟಿ ಮಳಿ. ಆಕಾಶ ಹಚ್ಚಿ ಇಪ್ಪತ್ತು ನಿಮಿಷ ಆದ್ರೂ ಹಾಳಿ ಇನ್ನೂ ಹೊಳಿಯಾಕತ್ತಿತ್ತು. ತಡಿಯಾಕ ಆಗ್ಲಿಲ್ಲ, ಗಿಡದ ಹಸರ ಹಚ್ಚೇಬಿಟ್ಟೆ. ಹಾಲಿನ್ಯಾಗ ಚಹಾದ ಡಿಕಾಕ್ಷನ್ ಬಿಟ್ಟಂಗ ಅದು ಆಕಾಶದ ತುಂಬ ಹರಡ್ಕೋತ ಹೋತು.

ಇನ್ನೂ ಮೂರು ತಾಸು ಇತ್ತು. ಹಾಳಿ ಬದಲ್ಮಾಡ್ಲೋ ಬ್ಯಾಡೋ ಅನ್ನೂದ್ರಾಗ ಹತ್ತು ನಿಮಿಷ ಹೋದ್ವು, ಎದಿ ಡವಡವ ಅಂತಿತ್ತು, ಆಮ್ಯಾಲ ತಲಿ ಎತ್ತಿ ಎದುರಿಗೆ ನೋಡಿದ್ರ ಕೆರಿ ಆಚೀಕಿನ ಗಿಡಗೋಳು ಖರೇನ ಮಳ್ಯಾಗ ಕರಗಿ ಆಕಾಶಕ್ಕ ಕೂಡಿಬಿಟ್ಟಿದ್ವು. ಅಲ್ಲೀತನಕ ನಾ ಎದುರಿಗಿದ್ದದ್ದು ನೋಡಿರಲೇ ಇಲ್ರಿ. ತಲ್ಯಾಗ ಬದಾಮಿ ಬಿಸಿಲು ಇಟ್ಕೊಂಡು ಇಲ್ಲಿ ಕೆರಿ ತಗ್ಯಾಕತ್ತಿದ್ದೆ. ಆ ಹರಡಿದ ಹಸರ ಹಂಗ ಬಿಟ್ಟೆ, ದಂಡಿ ಒಂದೀಟು ಟಿಶ್ಯೂದಿಂದ ಒತ್ತಿ ಎತ್ತಿದೆ ಅಷ್ಟ. ನನ್ನ ಚಿತ್ರದಾಗ ನನಗ ಇವತ್ತಿಗೂ ಸೇರೂ ಜಾಗಾ ಅದ ಒಂದು.

ಕ್ಯಾಮೆರಾ ಬಗ್ಗೆ ಕೇಳಿದ್ರಲ್ಲ. ಬಂದು ಯಾಕ ಈ ಬಣ್ಣ ಅಂತ ಕೇಳ್ತಾರ, ಉತ್ತರ ಹೇಳ್ಕೋತ ಕೈ ನಿಂತುಬಿಡ್ತೈತಿ, ಮತ್ತ ಲಯ ಹಿಡ್ಯಾಕ ಕಾಲು ತಾಸು ಬೇಕು. ನಾಲ್ಕು ತಾಸು ಅಂದ್ರ ನಿಮ್ಮ ಕೈಗೆ ಸಿಗೂದು ಮೂರ ಅಂತ ತಿಳೀರಿ. ಟಿವ್ಯಾಗ ನಾ ಎರಡು ಸೆಕೆಂಡ್ ಕಂಡೆ. ಊರಾಗ ಅವ್ವ ವಾಟ್ಸಾಪ್‌ನ್ಯಾಗ ನೋಡಿ, ಮಳ್ಯಾಗ ಕುಂತೀಯಲ್ಲೋ, ನೆಗಡಿ ಆಗ್ಲಿಲ್ಲೇನು ಅಂದ್ಲು.

ಥೇಮ್ಸ್_ದಡ:
ನಾನು ಕಲಾವಿದ ಅಲ್ಲ, ಬ್ಯಾಟರ್ಸಿ ಆರ್ಟ್ಸ್ ಸೆಂಟರ್‌ನಲ್ಲಿ ಪೋರ್ಟ್ರೇಟ್ ಶೂಟಿಂಗ್ ನೋಡೋಕೆ ಹೋಗಿದ್ದೆ. ಮೂರು ಜನ ಸಿಟ್ಟರ್, ಅಂದ್ರೆ ಚಿತ್ರಕ್ಕೆ ಎದುರಿಗೆ ಕೂರೋರು, ಒಬ್ಬೊಬ್ರಿಗೆ ಮೂರು ಮೂರು ಕಲಾವಿದ್ರು. ಸಿಟ್ಟರ್ ಅಲ್ಲಾಡದೆ ಕೂತಿರ್ತಾರೆ ಅನ್ಕೋಬೇಡಿ, ಮಧ್ಯೆ ಎದ್ದು ಹೋಗ್ತಾರೆ, ವಾಪಸ್ ಬಂದಾಗ ಕತ್ತು ಬೇರೆ ಕಡೆ ತಿರುಗಿರತ್ತೆ. ಅದಕ್ಕೇ ಸುಮಾರು ಜನ ಶುರುವಲ್ಲೇ ಫೋಟೋ ತಗೊಂಡು ಟ್ಯಾಬ್ ಪಕ್ಕದಲ್ಲಿ ಇಟ್ಕೋತಾರೆ. ಇನ್ನೊಂದು, ಮುಗಿದ ಚಿತ್ರಾನೇ ಗೆಲ್ಬೇಕು ಅಂತಿಲ್ಲ. 2020ರಲ್ಲಿ ಗೆದ್ದ ಕರ್ಟಿಸ್ ಹೋಲ್ಡರ್ ಬಣ್ಣದ ಪೆನ್ಸಿಲ್‌ನಲ್ಲಿ ಮಾಡೋರು, ಗೆರೆ ಮೇಲೆ ಗೆರೆ, ಎಷ್ಟೋ ಕಡೆ ಖಾಲಿ ಕಾಗದ ಹಾಗೇ ಇರತ್ತೆ. ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದೋರು. ಬಹುಮಾನದ 10,000 ಪೌಂಡ್ ಕೆಲಸದಲ್ಲಿ ಬ್ಯಾಲೆ ಕಲಾವಿದ ಕಾರ್ಲೋಸ್ ಅಕೋಸ್ಟಾ ಅವ್ರ ಚಿತ್ರ ಮಾಡಿದ್ರು.

ಡ್ರಾಯಿಂಗ್_ಮೇಷ್ಟ್ರು:
ತಾಯಿ, ಖಂಡಿತ ಹೋಗಿ ಬಾ, ಆದ್ರೆ ಆ ಮೂರು ವಾರದ ಕೆಲಸ ಬಿಟ್ಬಿಡ್ಬೇಡ. ನಮ್ಮ ಕಲಾವಿದ ಕೆ. ವೆಂಕಟಪ್ಪನವರ ಊಟಿ, ಕೊಡೈಕೆನಾಲ್ ಜಲವರ್ಣಗಳ ಮುಂದೆ ಒಂದ್ಸಲ ನಿಂತು ನೋಡಿದ್ರೆ ಗೊತ್ತಾಗತ್ತೆ, ಆ ಮಂಜು ಯಾವ ಗಡಿಯಾರಕ್ಕೂ ಸಿಗೋದಲ್ಲ. ಅದೇ ನಮ್ಮ ರುಮಾಲೆ ಚನ್ನಬಸವಯ್ಯನವರ ಬೆಂಗಳೂರು ಮರಗಳನ್ನ ನೋಡು, ಹೂ ಬಿಟ್ಟ ಮರದ ಮುಂದೇನೇ ಕೂತು ಹಚ್ಚಿದ ಬಣ್ಣ, ಆ ಅವಸರದಲ್ಲೂ ಏನು ಜೀವ ಇದೆ! ಎರಡೂ ನಮ್ಮದೇ. ಟಿವಿಯೋರು ತೋರ್ಸೋದು ಒಂದನ್ನ ಮಾತ್ರ, ಯಾಕಂದ್ರೆ ಇನ್ನೊಂದನ್ನ ಶೂಟ್ ಮಾಡೋಕಾಗಲ್ಲ. ನಲವತ್ತು ವರ್ಷ ಮಕ್ಕಳಿಗೆ ಕಲಿಸಿದೀನಿ, ಸ್ಪರ್ಧೇಲಿ ಸೋತು ಬಣ್ಣದ ಡಬ್ಬಿ ಮುಚ್ಚಿಟ್ಟ ಮಕ್ಕಳನ್ನ ನೋಡಿದೀನಿ, ಅದಕ್ಕೆ ಇಷ್ಟು ಹೇಳ್ದೆ.

ಕುಂಚ_ಮೈಸೂರು:
ಎಲ್ರಿಗೂ ತುಂಬಾ ಥ್ಯಾಂಕ್ಸ್, ಮೇಷ್ಟ್ರೇ ನಿಮ್ಮ ಮಾತು ಓದಿ ಕಣ್ಣು ತುಂಬಿ ಬಂತು. ನಿನ್ನೆ ಶನಿವಾರ ಮನೆಯೋರನ್ನ ಸೋಫಾ ಮೇಲೆ ಕೂರಿಸಿ ಟೈಮರ್ ಇಟ್ಟು ಮಾಡಿದೆ. ಒಂದೂವರೆ ಗಂಟೆ ಆದಾಗ ನೋಡಿದ್ರೆ ಎಡಗಣ್ಣು ಒಂದೇ ಆಗಿತ್ತು, ರೆಪ್ಪೆ ಸಮೇತ, ಸುತ್ತ ಬರೀ ಕ್ಯಾನ್ವಾಸ್. ಏನು ಮಾಡ್ಲಿ?

ಗದಗಿನ_ಬಣ್ಣ:
ಕಣ್ಣಿನಿಂದ ಶುರು ಮಾಡಬ್ಯಾಡ್ರಿ ಅಕ್ಕಾರ. ಎರಡು ಇಂಚಿನ ಕುಂಚ ತಗೊಂಡು ಮೊದಲ ತಾಸಿನ್ಯಾಗ ತಲಿ, ಹೆಗಲು, ಹಿಂದಿನ ಗ್ವಾಡಿ ಮೂರೂ ಮುಚ್ಚಿಬಿಡ್ರಿ. ತಳಕ್ಕ ಅಕ್ರಿಲಿಕ್ ಹಚ್ಚಿದ್ರ ಲಗೂನ ಒಣಗ್ತೈತಿ, ಮ್ಯಾಲ ನಿಮ್ಮ ಆಯಿಲ್ ಹಾಕ್ರಿ. ಉಲ್ಟಾ ಮಾಡಬ್ಯಾಡ್ರಿ ಮತ್ತ, ಆಯಿಲ್ ಮ್ಯಾಲ ಅಕ್ರಿಲಿಕ್ ನಿಲ್ಲೂದಿಲ್ಲ. ಸಣ್ಣ ಕುಂಚ ಮೂರು ತಾಸು ಚೀಲದಾಗ ಇರ್ಲಿ.

ಕುಂಚ_ಮೈಸೂರು:
ಸರಿ ಅಣ್ಣ. ಅಂಗಡಿ ತೆಗೆದಿದೆ, ಎರಡು ಇಂಚಿನ ಕುಂಚ ತರೋಕೆ ಹೊರಟೆ. ಮಧ್ಯಾಹ್ನ ಊಟ ಆದ್ಮೇಲೆ ಮತ್ತೆ ಕೂರ್ತೀನಿ ಅಂತ ಮನೆಯೋರು ಒಪ್ಪಿದಾರೆ.