ಹಳೇ ಹೊಲಿಗೆ ಮಷಿನ್ ಮತ್ತೆ ಓಡಿಸಿದವರು ಇದ್ದೀರಾ?

ಪ್ರಶ್ನೆ (ದಾವಣಗೆರೆಯಿಂದ): ನಮ್ಮಜ್ಜಿಯ ಸಿಂಗರ್ ಕಾಲು ಮಷಿನ್ ಎಷ್ಟೋ ವರ್ಷದಿಂದ ಮೂಲೆ ಸೇರಿತ್ತು. ಈಗ ಹೊರಗೆ ತೆಗೆದಿದ್ದೇನೆ. ಚಕ್ರ ಅಲ್ಲಾಡುವುದೇ ಇಲ್ಲ, ಬೆಲ್ಟ್ ಹರಿದಿದೆ. ರಿಪೇರಿಯವರು ನೋಡಿ "ಗುಜರಿಗೆ ಹಾಕಿ, ಹೊಸ ಕರೆಂಟ್ ಮಷಿನ್ ತಗೊಳ್ಳಿ" ಅಂದರು. ನನಗೆ ಮನಸ್ಸು ಬರುತ್ತಿಲ್ಲ. ಹೊಲಿಗೆ ಅಷ್ಟಾಗಿ ಬರುವುದಿಲ್ಲ, ಕಲಿಯುವ ಆಸೆ ತುಂಬಾ ಇದೆ. ಅನುಭವ ಇರುವವರು ದಯವಿಟ್ಟು ಹೇಳಿ.

ಮೈಸೂರಿನಿಂದ:

ಗುಜರಿಗೆ ಮಾತ್ರ ಹಾಕಬೇಡಿ ತಂಗಿ. ಚಕ್ರ ಕೂತಿದೆ ಅಂದ ಮಾತ್ರಕ್ಕೆ ಮಷಿನ್ ಕೆಟ್ಟಿದೆ ಅಂತ ಅಲ್ಲ. ಬಹಳಷ್ಟು ಸಲ ಹಳೇ ಎಣ್ಣೆ ಒಣಗಿ ಅಂಟಿನ ಹಾಗೆ ಗಟ್ಟಿಯಾಗಿರುತ್ತದೆ, ಅಷ್ಟೇ. ಒಳಗಿರುವುದೆಲ್ಲ ಕಬ್ಬಿಣ, ಉಕ್ಕು. ಮುರಿಯುವ ಪ್ಲಾಸ್ಟಿಕ್ ಹಲ್ಲು ಒಂದೂ ಇಲ್ಲ.

ಮೊದಲು ಬಾಬಿನ್ ಕೇಸ್ (ಕೆಳಗಿನ ದಾರದ ಸುರುಳಿ, ಅಂದರೆ ಬಾಬಿನ್, ಕೂರುವ ಡಬ್ಬಿ) ತೆಗೆದು ಟಾರ್ಚ್ ಬಿಟ್ಟು ನೋಡಿ. ಅಲ್ಲಿ ದಾರದ ತುಂಡು ಸುತ್ತಿಕೊಂಡಿದ್ದರೂ ಚಕ್ರ ತಿರುಗುವುದಿಲ್ಲ. ಚಿಮುಟ ಹಾಕಿ ಎಳೆದು ತೆಗೆಯಿರಿ. ಆಮೇಲೆ ಮೇಲೆ, ಪಕ್ಕದಲ್ಲಿ, ಕೆಳಗೆ ಎಣ್ಣೆ ಬಿಡುವ ಸಣ್ಣ ತೂತುಗಳಿವೆ. ಪ್ರತಿಯೊಂದಕ್ಕೂ ಎರಡು ಹನಿ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ಬಲವಂತ ಬೇಡ. ಜಗ್ಗದಿದ್ದರೆ ಇನ್ನೊಂದು ರಾತ್ರಿ ಕಾಯಿರಿ. ಸಡಿಲ ಆಗುವಾಗ ಸೂಜಿ ಹಿಡಿಯುವ ಕಂಬಿಯ ಸುತ್ತ ಕಂದು ಬಣ್ಣದ ಜಿಡ್ಡು ಕರಗಿ ಇಳಿಯುತ್ತದೆ. ಒರೆಸಿದಷ್ಟೂ ಬರುತ್ತದೆ, ಹಳೇ ಬನಿಯನ್ ಬಟ್ಟೆ ಜಾಸ್ತಿಯೇ ಇಟ್ಟುಕೊಳ್ಳಿ. ಜಿಡ್ಡು ನಿಂತ ಮೇಲೆ ಹೊಲಿಗೆ ಮಷಿನ್ ಎಣ್ಣೆಯನ್ನೇ ಬಿಡಿ. ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಯಾವ ಕಾರಣಕ್ಕೂ ಬೇಡ, ಅವು ಮತ್ತೆ ಅಂಟಾಗುತ್ತವೆ.

ಇನ್ನೊಂದು ಮಾತು. ಕಪ್ಪು ಮೈ ಮೇಲಿನ ಬಂಗಾರದ ಬಳ್ಳಿ ಚಿತ್ತಾರ ನೋಡಿದ್ದೀರಲ್ವಾ? ಹಳೇ ಸಿಂಗರ್‌ಗಳಲ್ಲಿ ಅದರ ಮೇಲೆ ಅರಗಿನ ತೆಳು ಲೇಪ ಇರುತ್ತದೆ. ಸ್ಪಿರಿಟ್, ಸ್ಯಾನಿಟೈಸರ್ ತಾಗಿದರೆ ಕರಗಿ ಬಿಳಿಚಿಕೊಳ್ಳುತ್ತದೆ. ಮಷಿನ್ ಎಣ್ಣೆ ಹಚ್ಚಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಮಷಿನ್ನಿನ ಬುಡದಲ್ಲಿ ಬಲಗಡೆ ನಂಬರ್ ಕೊರೆದಿರುತ್ತಾರೆ. ಅಂಕಿಗಳ ಮುಂದೆ ಅಕ್ಷರ ಇದ್ದರೆ ಅದು 1900ರ ನಂತರದ್ದು. ಮಾದರಿಯ ಹೆಸರಿನಲ್ಲಿ 15ಕೆ, 66ಕೆ ಅಂತ 'ಕೆ' ಇದ್ದರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿದ್ದ ಕಿಲ್‌ಬೋವಿ ಕಾರ್ಖಾನೆಯಲ್ಲಿ ತಯಾರಾಗಿದ್ದು. ಆ ಕಾರ್ಖಾನೆ 1980ರಲ್ಲೇ ಮುಚ್ಚಿತು, ಅಲ್ಲಿಂದ ಬಂದ ಮಷಿನ್‌ಗಳು ಇವತ್ತಿಗೂ ಹೊಲಿಯುತ್ತಿವೆ. ಯಂತ್ರಗಳೆಂದರೆ ದೂರ ಇರುತ್ತಿದ್ದ ಗಾಂಧೀಜಿಯವರೇ 1924ರಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. ನನಗೆ ಅದು ತುಂಬಾ ಸರಿ ಅನಿಸುತ್ತದೆ.

ಹುಬ್ಬಳ್ಳಿಯಿಂದ (ನಾನು ಟೈಲರ್):

ಬೆಲ್ಟ್ ಚಿಂತೆ ಬಿಡಿ ಅಕ್ಕಾ. ಚರ್ಮದ ಬೆಲ್ಟ್ ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಎರಡೂ ತುದಿಗೆ ತೂತು ಹಾಕಿ ತಂತಿ ಕೊಂಡಿಯಿಂದ ಸೇರಿಸುವುದು. ದಿನ ಕಳೆದ ಹಾಗೆ ಜಗ್ಗುತ್ತದೆ, ಆಗ ಸ್ವಲ್ಪ ಕತ್ತರಿಸಿ ಮತ್ತೆ ಸೇರಿಸಿ.

ಬಾಬಿನ್ ದುಂಡಗಿದ್ದು, ಕೇಸ್ ಎಡಗಡೆಯಿಂದ ಕೂರುವಂತಿದ್ದರೆ ನಿಮ್ಮದು ಹೆಚ್ಚಾಗಿ ಸಿಂಗರ್ 15 ಮಾದರಿಯ ಜಾತಿ. ಹಾಗಾದರೆ ನಿಮ್ಮ ಅದೃಷ್ಟ. ನಮ್ಮಲ್ಲಿನ ಉಷಾ, ಲುಧಿಯಾನದ ಕಪ್ಪು ಮಷಿನ್‌ಗಳು ಬಹುಪಾಲು ಅದೇ ಅಚ್ಚಿನವು, ಬಾಬಿನ್ನು, ಕೇಸು ಸುಲಭವಾಗಿ ಸಿಗುತ್ತವೆ. ಬಾಬಿನ್ ಕಡ್ಡಿಯ ಹಾಗೆ ಉದ್ದಕ್ಕಿದ್ದು ದೋಣಿ ಆಕಾರದ ಶಟಲ್‌ನಲ್ಲಿ ಕೂರುತ್ತಿದ್ದರೆ ಅದು ಇನ್ನೂ ಹಳೇದು. ಆ ಶಟಲ್ ಕಳೆಯಬೇಡಿ, ಹುಡುಕುವುದು ಕಷ್ಟ.

ಸೂಜಿ ಹೊಸದು ಹಾಕಿ. ಸಾದಾ ಕಾಟನ್‌ಗೆ 14, ತೆಳು ರೇಷ್ಮೆಗೆ 11, ಜೀನ್ಸ್‌ಗೆ 16. ಸೂಜಿಯಲ್ಲಿ ಒಂದು ಕಡೆ ಉದ್ದಕ್ಕೆ ಗೀರು ಇರುತ್ತದೆ, ದಾರ ಆ ಕಡೆಯಿಂದಲೇ ಪೋಣಿಸಬೇಕು. ಬಟ್ಟೆಯ ಕೆಳಗೆ ದಾರ ಗೂಡು ಕಟ್ಟಿದರೆ ಎಲ್ಲರೂ ಬಾಬಿನ್‌ಗೆ ಬೈಯುತ್ತಾರೆ. ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದು, ದಾರವನ್ನು ಬಿಗಿ ಹಿಡಿಯುವ ಟೆನ್ಶನ್ ತಟ್ಟೆಗಳ ನಡುವೆ ಕೂತಿರುವುದಿಲ್ಲ. ಬಟ್ಟೆ ಒತ್ತಿ ಹಿಡಿಯುವ ಫೂಟ್ ಎತ್ತಿಟ್ಟು ದಾರ ಹಾಕಿ, ಆಗ ತಟ್ಟೆ ಬಾಯಿ ತೆರೆದಿರುತ್ತದೆ.

ಕಲಿಯುವುದಕ್ಕೆ ಮೊದಲು ದಾರ ಬೇಡವೇ ಬೇಡ. ಗೆರೆ ಇರುವ ನೋಟ್‌ಬುಕ್ ಹಾಳೆ ಇಟ್ಟು, ಹಳೇ ಸೂಜಿಯಲ್ಲಿ ಗೆರೆ ಮೇಲೆ ತೂತು ಬೀಳಿಸುತ್ತಾ ಹೋಗಿ. ಚಕ್ರ ನಿಮ್ಮ ಕಡೆಗೇ ತಿರುಗಬೇಕು. ಶುರುವಿಗೆ ಕೈಯಿಂದ ಚಕ್ರ ತಿರುಗಿಸಿ, ಆಮೇಲೆ ತುಳಿಯಿರಿ. ಕಾಲಿಗೆ ಆ ಲಯ ಸಿಕ್ಕಿತು ಅಂದರೆ ಅದರ ಖುಷಿ ಮೋಟಾರಿನಲ್ಲಿ ಬರುವುದಿಲ್ಲ. ಒಂದೇ ಒಂದು ಹೊಲಿಗೆ ಬೇಕೆಂದರೂ ನಿಲ್ಲಿಸಬಹುದು.

ಪುಣೆಯಿಂದ:

ಒಂದು ವಿಷಯ ಮೊದಲೇ ತಿಳಿದಿರಲಿ. ಈ ಮಷಿನ್‌ನಲ್ಲಿ ನೇರ ಹೊಲಿಗೆ ಮಾತ್ರ. ಜಿಗ್‌ಜಾಗ್ ಇಲ್ಲ, ಟೀ ಶರ್ಟಿನಂಥ ಹಿಗ್ಗುವ ಬಟ್ಟೆಗೆ ಸರಿಹೋಗುವುದಿಲ್ಲ. ನಾನು ಕಾಟನ್ ಕುರ್ತಾಗಳಿಗೆ ಫ್ರೆಂಚ್ ಸೀಮ್ ಹಾಕುತ್ತೇನೆ: ಮೊದಲು ಉಲ್ಟಾ ಬದಿಗಳು ಸೇರುವಂತೆ ಹೊಲಿದು, ಅಂಚು ಸಣ್ಣಗೆ ಕತ್ತರಿಸಿ, ಮಗುಚಿ ಇನ್ನೊಂದು ಹೊಲಿಗೆ. ಎಳೆ ಬಿಡುವುದಿಲ್ಲ, ಒಳಗೂ ಅಚ್ಚುಕಟ್ಟು. ಅಂಚಿನ ಎಳೆ ಬಿಡದಂತೆ ಹಾಕಿಸುವ ಇಂಟರ್‌ಲಾಕ್‌ಗೆ ಹೋಗುವ ಕೆಲಸವೇ ಉಳಿಯುವುದಿಲ್ಲ.

ಬಾಗಲಕೋಟೆಯಿಂದ:

ಮಷಿನ್ ಓಡಿದ ಮೇಲೆ ಏನು ಹೊಲಿಯುವುದು ಅಂತ ಕೇಳುತ್ತೀರಿ, ಅದಕ್ಕೆ ಈಗಲೇ ಹೇಳುತ್ತೇನೆ. ಮೊದಲು ದಿಂಬಿನ ಕವರ್, ಸಂತೆ ಚೀಲ. ನೇರ ಗೆರೆ ಕೈಗೆ ಹತ್ತುತ್ತದೆ. ನಮ್ಮ ಕಡೆ ಕೌದಿ ಇದೆಯಲ್ಲ, ಹಳೇ ಸೀರೆಗಳ ಹೊದಿಕೆ, ಅದರ ತುಂಡು ಜೋಡಿಸುವುದನ್ನು ಮಷಿನ್‌ನಲ್ಲಿ ಮಾಡಿ. ಪದರ ಹಿಡಿಯುವ ಹೊಲಿಗೆ ಮಾತ್ರ ಕೈಯಲ್ಲೇ ಹಾಕಿ. ಅಷ್ಟು ದಪ್ಪ ಮಷಿನ್ ಫೂಟ್ ಕೆಳಗೆ ಹಿಡಿಸುವುದಿಲ್ಲ, ಕೈ ಹೊಲಿಗೆಯ ಮೆತ್ತನೆ ಗುಣವೂ ಬರುವುದಿಲ್ಲ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳ ಕೌದಿ ಸಿಕ್ಕರೆ ಒಮ್ಮೆ ನೋಡಿ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ.

ಕೈ ಕುದುರಿದ ಮೇಲೆ ಗುಳೇದಗುಡ್ಡದ ಖಣದಲ್ಲಿ (ಕುಪ್ಪಸದ ಬಟ್ಟೆ) ಕೂಸಿಗೆ ಕುಂಚಿಗಿ, ಅಂದರೆ ತಲೆ ಮುಚ್ಚುವ ಕುಲಾವಿ, ಹೊಲಿಯಿರಿ. ನನಗೆ ಎಲ್ಲಕ್ಕಿಂತ ಇಷ್ಟವಾದ ಕೆಲಸ ಇದೇ. ಖಣದ ಅಂಚನ್ನು ಮುಖದ ಸುತ್ತ ಬರುವ ಹಾಗೆ ಇಡಿ, ಚೆಂದ ಕಾಣುತ್ತದೆ. ಒಳಗೆ ತೊಳೆದು ಮೆತ್ತಗಾದ ಹಳೇ ಕಾಟನ್ ಸೀರೆ ಹಾಕಿ, ಜರಿಯಾಗಲಿ ಎಳೆಯಾಗಲಿ ಕೂಸಿನ ಕೆನ್ನೆಗೆ ತಾಗಬಾರದು. ಖಣ ಬಲು ಬೇಗ ಎಳೆ ಬಿಡುತ್ತದೆ, ಅದಕ್ಕೆ ಅಂಚಿಗೆ ಅರ್ಧ ಇಂಚು ಜಾಸ್ತಿಯೇ ಬಿಟ್ಟು ಕತ್ತರಿಸಿ. ಗದ್ದದ ಕೆಳಗೆ ಕಟ್ಟುವ ಪಟ್ಟಿ ರೇಷ್ಮೆಯದು ಬೇಡ, ಜಾರುತ್ತದೆ. ಒಳಗಿನ ಕಾಟನ್‌ನಲ್ಲೇ ಮಾಡಿ, ಗಿಡ್ಡವಾಗಿರಲಿ.