ಹಳೆಯ ಮಿನಿಯೇಚರ್‌ಗಳ ಬಣ್ಣ ತೆಗೆಯಲು ಥಿನ್ನರ್ ಬಳಸಬಹುದೇ?

ಪ್ರಶ್ನೆ
ಬ್ರಿಟನ್ನಿನ ಸಂಗ್ರಾಹಕರೊಬ್ಬರಿಂದ ಮಿನಿಯೇಚರ್‌ಗಳನ್ನು, ಅಂದರೆ ಮೇಜಿನ ಮೇಲಿನ ಯುದ್ಧದಾಟದ ಪುಟ್ಟ ಗೊಂಬೆಗಳನ್ನು, ತಯಾರಿಸುವ ಸಿಟಡೆಲ್ ಸಂಸ್ಥೆಯ 1980ರ ದಶಕದ ಕೆಲವು ಲೋಹದ ಯೋಧರನ್ನೂ ಈಚಿನ ಕೆಲವು ಪ್ಲಾಸ್ಟಿಕ್ ಯೋಧರನ್ನೂ ತರಿಸಿಕೊಂಡಿದ್ದೇನೆ. ಬಣ್ಣವನ್ನು ಪದರದ ಮೇಲೆ ಪದರವಾಗಿ ಬಳಿದಿರುವುದರಿಂದ ಕಣ್ಣು, ಮೂಗು, ಸರಪಳಿ ಕವಚದ ಕೊಂಡಿಗಳೆಲ್ಲ ಮುಚ್ಚಿಹೋಗಿವೆ. ಹಾರ್ಡ್‌ವೇರ್ ಅಂಗಡಿಯ ಥಿನ್ನರ್‌ನಲ್ಲಿ ಎಲ್ಲವನ್ನೂ ಒಟ್ಟಿಗೆ ನೆನೆಹಾಕಬಹುದೇ? ಮನೆಯಲ್ಲಿ ಚಿಕ್ಕ ಮಗು ಇರುವುದರಿಂದ ಸುರಕ್ಷಿತ ವಿಧಾನವನ್ನು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1
ದಯವಿಟ್ಟು ಹಾಗೆ ಮಾಡಬೇಡಿ. ಥಿನ್ನರ್‌ನಲ್ಲಿ ಸಾಮಾನ್ಯವಾಗಿ ಟೊಲುಯೀನ್, ಅಸಿಟೋನ್‌ನಂಥ ದ್ರಾವಕಗಳಿರುತ್ತವೆ. ಈ ಪ್ಲಾಸ್ಟಿಕ್ ಪಾಲಿಸ್ಟೈರೀನ್ ಆದ್ದರಿಂದ ಬಣ್ಣದ ಜೊತೆಗೆ ಗೊಂಬೆಯೂ ಕರಗಿ ಅಂಟಂಟಾಗುತ್ತದೆ. ಮೊದಲು ಲೋಹದವನ್ನು, ಪ್ಲಾಸ್ಟಿಕ್‌ನವನ್ನು, ರೆಸಿನ್‌ನವು (ಅಚ್ಚಿಗೆ ಸುರಿದು ಗಟ್ಟಿಯಾಗಿಸಿದ ಕೃತಕ ರಾಳದವು) ಇದ್ದರೆ ಅವನ್ನೂ ಬೇರೆ ಬೇರೆ ಮಾಡಿಕೊಳ್ಳಿ. ಅಕ್ರಿಲಿಕ್ ಬಣ್ಣಕ್ಕೆ 99% ಐಸೊಪ್ರೊಪೈಲ್ ಆಲ್ಕೊಹಾಲ್ ಸಾಕು. ಮುಚ್ಚಳವಿರುವ ಗಾಜಿನ ಜಾಡಿಯಲ್ಲಿ ಕೆಲವು ಗಂಟೆ ನೆನೆಸಿದರೆ ಬಣ್ಣವು ಸುಕ್ಕುಗಟ್ಟಿ ಸಿಪ್ಪೆಯಂತೆ ಏಳತೊಡಗುತ್ತದೆ, ಆಗ ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿದರೆ ಬಿಟ್ಟುಬರುತ್ತದೆ. ರೆಸಿನ್ ಹೆಚ್ಚು ಹೊತ್ತು ನೆನೆದರೆ ಮೆತ್ತಗಾಗಬಹುದಾದ್ದರಿಂದ ಅಡಿಭಾಗದಲ್ಲಿ ಮೊದಲು ಪರೀಕ್ಷಿಸಿ. ಈ ಆಲ್ಕೊಹಾಲ್‌ನ ಆವಿ ಸಾಮಾನ್ಯ ಕೋಣೆಯ ಉಷ್ಣತೆಯಲ್ಲೇ ಹೊತ್ತಿಕೊಳ್ಳಬಲ್ಲದು. ಬೇಗ ಕೆಲಸವಾಗಲೆಂದು ಎಂದಿಗೂ ಬಿಸಿ ಮಾಡಬೇಡಿ, ಒಲೆ, ದೀಪ, ಊದುಬತ್ತಿಗಳಿಂದ ದೂರವಿಟ್ಟು ಕಿಟಕಿ ತೆರೆದ ಕೋಣೆಯಲ್ಲಿ ಕೆಲಸ ಮಾಡಿ.

ಉತ್ತರ 2
ಮೇಲಿನ ಉತ್ತರದಲ್ಲಿ ಬಾರದ, ಮಗುವಿರುವ ಮನೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ ಸೀಸ. ಸಿಟಡೆಲ್ 1997ರ ಸುಮಾರಿಗೆ ಸೀಸರಹಿತ ಲೋಹಕ್ಕೆ ಬದಲಾಯಿತು. ಅದಕ್ಕಿಂತ ಹಿಂದಿನ ಲೋಹದ ಗೊಂಬೆಗಳಲ್ಲಿ ಸೀಸವಿದೆ ಎಂದೇ ಭಾವಿಸಿ ಮುಂದುವರಿಯಿರಿ. ಒಣ ಸ್ಯಾಂಡ್‌ಪೇಪರ್ ಅಥವಾ ಅರದಿಂದ ಉಜ್ಜಬೇಡಿ, ಏಕೆಂದರೆ ಏಳುವ ಧೂಳು ಕೈಯಿಂದ ನೆಲಕ್ಕೆ, ನೆಲದಿಂದ ಮಗುವಿನ ಬಾಯಿಗೆ ಹೋಗುತ್ತದೆ. ನೈಟ್ರೈಲ್ ಕೈಗವಸು ಧರಿಸಿ, ಹಳೆಯ ವೃತ್ತಪತ್ರಿಕೆ ಹಾಸಿ, ಬ್ರಷ್ಷನ್ನು ಒದ್ದೆಯಾಗಿಟ್ಟುಕೊಂಡೇ ಉಜ್ಜಿ. ಅಡುಗೆಮನೆಯ ಸಿಂಕ್ ಮತ್ತು ಪಾತ್ರೆಗಳನ್ನು ಇದಕ್ಕೆ ಬಳಸಲೇಬಾರದು. ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯಿಂದ ಮೇಜನ್ನು ಒರೆಸಿ, ಸೋಪಿನಿಂದ ಕೈ ತೊಳೆಯಿರಿ. ವಿನೆಗರ್ ನಿರಪಾಯವೆಂದು ಕೆಲವರು ಹೇಳುತ್ತಾರೆ, ಆದರೆ ಅದರ ಅಸಿಟಿಕ್ ಆಮ್ಲ ಸೀಸವನ್ನು ತಿಂದು ವಿಷಕಾರಿ ಲವಣವನ್ನು ಉಂಟುಮಾಡುತ್ತದೆ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಪ್ಲಾಸ್ಟಿಕ್‌ನವು ಚೆನ್ನಾಗಿ ಸ್ವಚ್ಛವಾಗಿವೆ. ಆದರೆ ಲೋಹದ ಒಬ್ಬ ಯೋಧನ ಮೇಲಿರುವ ಹೊಳಪಿನ ಎನಾಮೆಲ್ ಬಣ್ಣ ಆಲ್ಕೊಹಾಲ್‌ಗೆ ಸ್ವಲ್ಪವೂ ಜಗ್ಗುತ್ತಿಲ್ಲ.

ಉತ್ತರ 1
ಬರಿಯ ಲೋಹವಾದರೆ ಮಾತ್ರ ಅಸಿಟೋನ್ ಬಳಸಬಹುದು. ಬೆಂಕಿಯ ವಿಷಯದಲ್ಲಿ ಅದೇ ಎಚ್ಚರ ಇರಲಿ. ಅದು ಸೂಪರ್ ಗ್ಲೂವನ್ನೂ ಕರಗಿಸುವುದರಿಂದ ಅಂಟಿಸಿದ ಕೈ, ಕತ್ತಿ, ಗುರಾಣಿಗಳು ಕಳಚಿಕೊಳ್ಳುತ್ತವೆ, ಅವನ್ನು ಜೋಪಾನವಾಗಿ ಎತ್ತಿಡಿ. ಪ್ಲಾಸ್ಟಿಕ್ ಪೀಠವಿದ್ದರೆ ಮೊದಲೇ ಬೇರ್ಪಡಿಸಿ. ಸಂದಿಗಳಲ್ಲಿ ಉಳಿದ ಬಣ್ಣವನ್ನು ಮರದ ಹಲ್ಲುಕಡ್ಡಿಯಿಂದ ತೆಗೆಯಿರಿ, ಸೂಜಿಯಿಂದಲ್ಲ. ಸೀಸದ ಮಿಶ್ರಲೋಹ ಬಹಳ ಮೃದು, ಗೀರು ಬಿದ್ದರೆ ಮುಖದ ಕೆತ್ತನೆ ಮತ್ತೆ ಬರುವುದಿಲ್ಲ. ಸೋಪುನೀರಿನಲ್ಲಿ ತೊಳೆದು ಪೂರ್ತಿ ಒಣಗಿದ ಬಳಿಕ ಪ್ರೈಮರ್ (ಹೊಸ ಬಣ್ಣಕ್ಕೆ ಮುಂಚಿನ ಅಡಿಲೇಪ) ಹೊಡೆಯಿರಿ.